ನಿನ್ನ ಜಾಗದಲ್ಲಿ ನಾನು ಕುಳಿತೆ

ಜನವರಿ 9

ಅಪ್ಪನಿಗೆ,

ಹೋದ ವಾರ ನಾನು ಕೂಗಾಡಿ ಫೋನ್ ಇಟ್ಟಿದ್ದಕ್ಕೆ ಅತ್ತೆ ಬೇಜಾರು ಮಾಡಿಕೊಂಡಿರಬೇಕು. ನೀನು ಬೇಜಾರಾದರೂ ಹೇಳುವವನಲ್ಲ. ಇನ್ನು ಫೋನ್ ಮಾಡಬೇಡ, ಕಾಗದ ಬರಿ ಎಂದದ್ದು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತಲ್ಲ. ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ಉಸಿರು ಕೇಳುತ್ತೀಯ. ನಾನು ಹೊಸ ಕೆಲಸದ ಬಗ್ಗೆ ಏನೋ ಹೇಳುತ್ತಿದ್ದರೆ ನಡುವೆ ಬಾಯಿ ಹಾಕಿ "ಕೆಮ್ಮಿದ್ಯಾ?" ಅನ್ನುತ್ತೀಯ. ಲಿಫ್ಟಿನ ಮೋಟರಿಗೆ ಕಿವಿಗೊಟ್ಟು ಎಲ್ಲಿ ಸವೆದಿದೆ ಎಂದು ಹೇಳುವವನು ನೀನು, ನಿಜ. ಆದರೆ ನಾನು ಮೋಟರಲ್ಲ.

ಇನ್ನೊಂದು ಕಾರಣವೂ ಇದೆ. ಫೋನ್ ಹೊಡೆದುಕೊಂಡರೆ ಈಗಲೂ ಹೆದರಿ ಅದನ್ನು ದಿಂಬಿನ ಕೆಳಗೆ ತುರುಕುತ್ತೇನೆ. ಆಗ ರಿಪೋರ್ಟು ಬರುತ್ತಿದ್ದದ್ದು ಫೋನಿನಲ್ಲೇ. ನೀನು ಎದ್ದು ವರಾಂಡಕ್ಕೆ ಹೋಗುತ್ತಿದ್ದೆ. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬರುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯವರು ಒಂದು ಯೋಜನೆ ಶುರು ಮಾಡಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬಂದು ವಾಸಿಯಾದವರ ಜೊತೆ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಮಾತಾಡುತ್ತಾರೆ. ಔಷಧಿ ಇಲ್ಲ, ಬರೀ ಮಾತು. ಒಬ್ಬರು ಕೌನ್ಸೆಲರ್ ಮೇಡಂ ಇರುತ್ತಾರೆ, ಮುಖ ನೋಡಿಕೊಂಡು ಮಾತಾಡುವುದು. ಹದಿನಾರಕ್ಕೆ ರಕ್ತದ ಕ್ಯಾನ್ಸರ್, ಹತ್ತೊಂಬತ್ತಕ್ಕೆ ವಾಸಿ, ಈಗ ಇಪ್ಪತ್ಮೂರು. ಅವರ ಅಳತೆಗೆ ನಾನು ಸರಿಹೊಂದುತ್ತೇನಂತೆ. ಸೇರಿದ್ದೇನೆ. ಯಾಕೆ ಎಂದು ಕೇಳಬೇಡ. ಯಾರಾದರೂ "ಮುಂದಿನ ವರ್ಷ" ಎಂದು ಮಾತು ತೆಗೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ, ಅಷ್ಟು ಸಾಕು. ವರ್ಷಕ್ಕೊಮ್ಮೆ ಮಾಡಿಸಬೇಕಾದ ರಕ್ತಪರೀಕ್ಷೆಯನ್ನು ಈ ಸಲ ಮಾಡಿಸಿಲ್ಲ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಿನ್ನಿಂದ ಒಂದು ಸಹಾಯ ಬೇಕು. ಆಸ್ಪತ್ರೆಯ ಫೈಲಿನಲ್ಲಿ ನನ್ನ ಹೆಸರಿನ ಮುಂದೆ ಇರುವುದು ನಿನ್ನ ಫೋನ್ ನಂಬರು, ಆಗ ನಾನು ಚಿಕ್ಕವಳಲ್ಲವೇ. ಅದನ್ನು ಬದಲಿಸಬೇಕಾದರೆ ನಾನೇ ಆ ಕಟ್ಟಡಕ್ಕೆ ಹೋಗಿ ಸಹಿ ಹಾಕಬೇಕಂತೆ. ಆ ಬಾಗಿಲು ದಾಟಲು ನನ್ನಿಂದಾಗದು. ಪ್ರತಿ ಶನಿವಾರ ನಿನ್ನ ಫೋನಿಗೆ ಒಂದು ಲಿಂಕು ಬರುತ್ತದೆ. ಅದನ್ನು ನನಗೆ ಕಳಿಸು. ಒತ್ತಿ ನೋಡಬೇಡ. ಕಳಿಸು, ಅಷ್ಟೆ.

ಇಂತಿ,
ಚೂಟಿ


ಜನವರಿ 20

ಚೂಟಿಗೆ,

ನಿನ್ನ ಕಾಗದ ತಲುಪಿತು. ಲಿಂಕೂ ಬಂತು, ಕಳಿಸಿದೆ. ಬೆರಳು ತಪ್ಪಿ ಒತ್ತಿಬಿಟ್ಟೇನು ಎಂದು ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಆ ಕೆಲಸ ಮಾಡಿಸಿದೆ. ಅವಳು ನಕ್ಕಳು.

ಅತ್ತೆಗೆ ವಿಷಯ ತಿಳಿಸಿದೆ. "ಮಾತಾಡೋಕೂ ಡಾಕ್ಟರಾ? ನಮ್ಮನೇಲಿ ಅದೊಂದಕ್ಕೇ ಬರ ಇಲ್ಲ ಅಂದ್ಕೊಂಡಿದ್ದೆ" ಅಂದಳು. ಆಮೇಲೆ ಅಡುಗೆಮನೆಯಿಂದಲೇ, ಆ ಕೌನ್ಸೆಲರಮ್ಮನಿಗೆ ವಯಸ್ಸೆಷ್ಟು, ಮದುವೆಯಾಗಿದೆಯಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ನನಗೆ ಗೊತ್ತಿಲ್ಲದ್ದೇ ಹೆಚ್ಚು ಎಂದು ಬೈದಳು. ಅವಳು ನಿನ್ನಮ್ಮ ತೀರಿಕೊಂಡಾಗ ತಮ್ಮನ ಮನೆಯಲ್ಲಿ ಒಂದು ತಿಂಗಳು ಇದ್ದು ಹೋಗುತ್ತೇನೆಂದು ಬಂದವಳು. ನಿನಗೆ ಆಗ ನಾಲ್ಕು ವರ್ಷ. ಇನ್ನೂ ಹೋಗಿಲ್ಲ, ಸದ್ಯ.

ಇಲ್ಲಿ ಕೆಲಸ ಜಾಸ್ತಿ. ದೊಡ್ಡ ರಸ್ತೆಯ ಹಳೆಯ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ಬದಲಿಸುತ್ತಿದ್ದೇವೆ. ಉಕ್ಕಿನ ಹಗ್ಗದಲ್ಲಿ ಒಂದೊಂದೇ ಎಳೆ ಹರಿದು ಮುಳ್ಳಿನ ಹಾಗೆ ಎದ್ದಿರುತ್ತದೆ. ಬಟ್ಟೆ ಸವರಿಕೊಂಡು ಹೋದರೆ ಎಲ್ಲಿ ಹರಿದಿದೆಯೋ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ಮಹಡಿಯ ಮುದುಕರೆಲ್ಲ ಮೆಟ್ಟಿಲು ಹತ್ತುತ್ತಾ ನನ್ನನ್ನೇ ಶಪಿಸುತ್ತಿದ್ದಾರೆ.

ರಕ್ತಪರೀಕ್ಷೆ ಮಾಡಿಸು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಅಲ್ಲಿ ಚಳಿ ಹೇಗಿದೆ?

ನಿನ್ನ ಮಾತಿನ ಪ್ರಕಾರ ಫೋನ್ ಮಾಡದಿರುವ,
ಅಪ್ಪ


ಫೆಬ್ರವರಿ 11

ಅಪ್ಪನಿಗೆ,

ಚಳಿ ಇದೆ, ಊಟ ಮಾಡುತ್ತಿದ್ದೇನೆ. ಉಸಿರು ಸರಿಯಿದೆ.

ಶನಿವಾರ ನಮ್ಮ ಹಲ್ಲಿನ ಲ್ಯಾಬ್ ಅರ್ಧ ದಿನ. ಎಲ್ಲರೂ ಹೋದ ಮೇಲೆ ನಾನು ಪ್ಲಾಸ್ಟರ್ ಕೋಣೆಯಲ್ಲಿ ಕೂರುತ್ತೇನೆ. ರೂಮಿನಲ್ಲಿ ಆಗುವುದಿಲ್ಲ, ಜೊತೆಯವಳು ಇರುತ್ತಾಳೆ. ಅವಳು ಅಂಗಡಿಯಲ್ಲಿ ಲಿಪ್‌ಸ್ಟಿಕ್ ಮಾರುವ ಹುಡುಗಿ, ಇಡೀ ವಾರ ನಿಂತು ನಿಂತು ಶನಿವಾರ ಕಾಲು ಚಾಚಿದರೆ ಏಳುವವಳಲ್ಲ. ಪ್ಲಾಸ್ಟರ್ ಕೋಣೆಯಲ್ಲಿ ಎಲ್ಲದರ ಮೇಲೂ ಬಿಳಿ ಧೂಳು. ಎದುರಿನ ಕಪಾಟಿನಲ್ಲಿ ಸಾಲಾಗಿ ಜನರ ದವಡೆಗಳ ಅಚ್ಚು. ಡೆಂಟಿಸ್ಟುಗಳು ಅಳತೆ ಕಳಿಸುತ್ತಾರೆ, ನಾವು ಅಚ್ಚು ಹೊಯ್ದು ಮೇಣದಲ್ಲಿ ಹಲ್ಲು ಕೂರಿಸುತ್ತೇವೆ. ಮೊನ್ನೆ ಒಬ್ಬ ತಾತ ಹೊಸ ಸೆಟ್ಟನ್ನು ವಾಪಸ್ ಕಳಿಸಿದರು. ಮುಂದಿನ ಎರಡು ಹಲ್ಲಿನ ನಡುವೆ ಮೊದಲು ಸಂದಿ ಇತ್ತು, ಅದೂ ಬೇಕಂತೆ. ಇಲ್ಲದಿದ್ದರೆ ಹೆಂಡತಿ "ಯಾರೋ ನೀನು" ಅನ್ನುತ್ತಾಳಂತೆ. ನಮ್ಮ ಯಜಮಾನರು, "ಅವರಿಗೆ ಒಂದು ಸಂದಿ ಕೊಡಮ್ಮ, ಸಂಸಾರ ಉಳೀಲಿ" ಅಂದರು. ಕೊಟ್ಟೆ.

ಕಂಪ್ಯೂಟರಿನಲ್ಲಿ ಅವರ ಮುಖ ದೊಡ್ಡದಾಗಿ, ಮೂಲೆಯಲ್ಲಿ ನನ್ನ ಮುಖ ಸಣ್ಣದಾಗಿ ಕಾಣುತ್ತದೆ. ಮೊದಲ ವಾರ ನಾನು ಅವರನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದೆ. ಯಾವಾಗ ಶುರುವಾಯಿತು ಎಂದು ಕೇಳಿದರು. ಯಾವ ಔಷಧಿ, ಎಷ್ಟು ಸಲ, ಯಾವ ತಿಂಗಳು ಕೂದಲು ಹೋಯಿತು, ಎಲ್ಲ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡು, "ಇದು ಫೈಲಿನಲ್ಲೂ ಇದೆ. ನೀವು ಎಲ್ಲಿದ್ರಿ?" ಅಂದರು. ಕಪಾಟಿನ ದವಡೆಗಳನ್ನು ಎಣಿಸಿದೆ. ಅಲ್ಲೇ ಇದ್ದೆನಲ್ಲ, ಮಂಚದ ಮೇಲೆ.

ಹೋದ ವಾರ ಅದಕ್ಕೆ ಉತ್ತರ ಹೇಳಿದೆ. ಕಾಯಿಲೆ ಇದ್ದಾಗ ಮನೆ ತುಂಬ ಜನ. ವಾಸಿಯಾಯಿತು ಎಂದ ದಿನ ಎಲ್ಲರೂ ಸಿಹಿ ತಿಂದು ಅವರವರ ಕೆಲಸಕ್ಕೆ ಹೋದರು. ಅಂದಿನಿಂದ ನನಗೆ ಅಳಲು ಪರವಾನಗಿ ಇಲ್ಲ. ಅತ್ತೆ, "ಸಾವಿನ ಬಾಯಿಂದ ಬಂದವಳು ನಗ್ತಾ ಇರ್ಬೇಕು" ಅನ್ನುತ್ತಿದ್ದಳು, ಪ್ರೀತಿಯಿಂದಲೇ. ನೀನಂತೂ ಕಾಯಿಲೆ ಇದ್ದಾಗಿನಿಂದಲೂ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಚೆನ್ನಾಗಿದ್ದಾಳೆ" ಅನ್ನುತ್ತಿದ್ದೆ. ಒಳಗೆ ನಾನು ಬಕೆಟ್ಟು ಹಿಡಿದು ಕೂತಿರುವಾಗಲೂ ಅನ್ನುತ್ತಿದ್ದೆ. ಆ ಪದ ಕೇಳಿ ಕೇಳಿ, ನಾನು ಎನ್ನುವವಳು ಒಳಗಿದ್ದೇನೆ, ಚೆನ್ನಾಗಿರುವವಳು ಯಾರೋ ಹೊರಗಿದ್ದಾಳೆ ಅನ್ನಿಸಲು ಶುರುವಾಯಿತು.

ಇದನ್ನು ನಿನ್ನ ಮೇಲೆ ದೂರು ಎಂದು ಬರೆಯುತ್ತಿಲ್ಲ. ಅವರಿಗೆ ಹೇಳಿದ್ದನ್ನು ನಿನಗೆ ಹೇಳದೆ ಇದ್ದರೆ ಕಳ್ಳತನದ ಹಾಗಾಗುತ್ತದೆ.

ಪ್ಲಾಸ್ಟರ್ ಧೂಳಿನ ಕೈಯಿಂದ,
ಚೂಟಿ


ಮಾರ್ಚ್ 18

ಚೂಟಿಗೆ,

ನಿನ್ನ ಫೆಬ್ರವರಿಯ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಹಿಂದಿನ ಎರಡಕ್ಕೆ ಉತ್ತರ ಬಂದಿಲ್ಲ. ಅವು ತಲುಪಿದವೋ ಇಲ್ಲವೋ ತಿಳಿಯದು. ನೀನು ಬರೆದದ್ದಕ್ಕೆ ಏನು ಹೇಳಬೇಕೋ ಗೊತ್ತಾಗದೆ ನಾನು ಹಗ್ಗದ ವಿಚಾರ, ಹವಾಮಾನದ ವಿಚಾರ ಬರೆದೆ. ಅದಕ್ಕೆ ಸಿಟ್ಟೇ?

ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟೆ. ಮಾತು ಕೊಟ್ಟಿದ್ದೇನೆ. ಅತ್ತೆಯನ್ನು ಕೇಳಿದರೆ, "ದುಡಿಯೋ ಹುಡುಗಿ, ನಿನ್ನ ಪುರಾಣಕ್ಕೆ ಉತ್ತರ ಬರ್ಕೊಂಡು ಕೂತಿರ್ತಾಳಾ?" ಅಂದಳು. ನಾನೂ ಹಾಗೇ ಅಂದುಕೊಂಡಿದ್ದೇನೆ. ಲಿಂಕು ಪ್ರತಿ ಶನಿವಾರ ಕಳಿಸುತ್ತಿದ್ದೇನೆ. ಈಗ ನಾನೇ ಕಳಿಸುತ್ತೇನೆ, ಕಲಿತೆ.

ಒಂದು ಸಾಲು ಬರೆದರೂ ಸಾಕು.

ಅಪ್ಪ


ಏಪ್ರಿಲ್ 2

ಚೂಟಿಗೆ,

ಒಂದು ಕೆಲಸ ಮಾಡಿದ್ದೇನೆ. ನೀನು ಒಪ್ಪುತ್ತೀಯೋ ಇಲ್ಲವೋ, ತಿಳಿಸುವುದು ನನ್ನ ಧರ್ಮ.

ಹೋದ ವಾರ ನನ್ನ ಫೋನಿಗೆ ಆ ಯೋಜನೆಯವರಿಂದ ಸಂದೇಶ ಬಂತು. ನೀನು ಹಿಂದಿನ ಭೇಟಿಗೆ ಬರಲಿಲ್ಲವಂತೆ. ಮುಂದಿನದಕ್ಕೂ ಬಾರದಿದ್ದರೆ ನಿನ್ನ ಜಾಗ ಕಾಯುತ್ತಿರುವ ಬೇರೆಯವರಿಗೆ ಹೋಗಬಹುದಂತೆ. ಆಸ್ಪತ್ರೆಯಲ್ಲಿ ಒಂದು ಜಾಗಕ್ಕಾಗಿ ನಾವು ಎಷ್ಟು ಬಾಗಿಲು ತಟ್ಟಿದ್ದೆವು ಎಂಬುದು ನಿನಗೆ ಗೊತ್ತಿಲ್ಲ, ನಿನಗೆ ಆಗ ಜ್ವರ. ಸಿಕ್ಕ ಜಾಗ ಬಿಡಬಾರದು ಎಂಬುದೊಂದೇ ನನ್ನ ತಲೆಗೆ ಹೊಳೆಯಿತು. ಶನಿವಾರ ಲಿಂಕು ಬಂತು. ನಿನಗೆ ಕಳಿಸಿದೆ. ನಿನ್ನಿಂದ ಏನೂ ಬಾರದೆ ಹೊತ್ತಾದ ಮೇಲೆ ನಾನೇ ಒತ್ತಿದೆ.

ಮನೆಯಲ್ಲಿ ಅತ್ತೆಯ ಟೀವಿ. ಅದಕ್ಕೆ ದೊಡ್ಡ ರಸ್ತೆಯ ಕಟ್ಟಡದ ಮೇಲೆ, ಲಿಫ್ಟಿನ ಮೋಟರ್ ಇರುವ ಕೋಣೆಯಲ್ಲಿ ಕುಳಿತೆ. ಕೈ ತುಂಬ ಗ್ರೀಸು. ಫೋನನ್ನು ಸ್ವಿಚ್ಚಿನ ಪೆಟ್ಟಿಗೆಗೆ ಒರಗಿಸಿದೆ. ಆ ಮೇಡಂ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ. ಯಾರು ಎಂದು ಕೇಳಿದರು, ತಂದೆ ಎಂದೆ. ನೀನು ಅವರಿಗೆ ಹೇಳಿದ್ದರಲ್ಲಿ ಒಂದಕ್ಷರವನ್ನೂ ಅವರು ನನ್ನೆದುರು ಎತ್ತಲಿಲ್ಲ. ನಾನು ಮೆಲ್ಲಗೆ ಕೆದಕಿ ನೋಡಿದೆ, "ಅದು ಅವಳದ್ದು ಸರ್" ಅಂದರು.

ಎರಡೇ ಪ್ರಶ್ನೆ ಕೇಳಿದರು. ಮಗಳ ಜೊತೆ ಮಾತುಕತೆ ಇದೆಯೇ? ಅವಳು ಸುರಕ್ಷಿತವಾಗಿದ್ದಾಳೆಯೇ? ವಾರ ವಾರ ಕಾಗದ ಬರುತ್ತದೆ, ಚೆನ್ನಾಗಿದ್ದಾಳೆ, ಲ್ಯಾಬಿನಲ್ಲಿ ಈ ತಿಂಗಳು ಕೆಲಸ ಮೈತುಂಬ ಇದೆ, ಮುಂದಿನ ತಿಂಗಳು ಬರುತ್ತಾಳೆ ಎಂದೆ. ಅವರು ಬರೆದುಕೊಂಡರು. ಹಾಗಿದ್ದರೆ ಅಲ್ಲಿಯವರೆಗೆ ಜಾಗ ಇಟ್ಟಿರುತ್ತೇವೆ, ಅವಳಿಂದ ಒಂದು ಸಾಲು ಬರೆಸಿ ಎಂದರು.

ಆಮೇಲೆ, "ನೀವು ಹೇಗಿದ್ದೀರಿ?" ಎಂದು ಕೇಳಿದರು. ಮೂಲೆಯಲ್ಲಿ ನನ್ನ ಮುಖ ಕಂಡಿತು. ನೀನು ಬರೆದಿದ್ದೆಯಲ್ಲ, ಹಾಗೇ. ನನಗೇನು ಧಾಡಿ ಎನ್ನುವಷ್ಟರಲ್ಲಿ ಕೆಳಗೆ ಯಾರೋ ಬಟನ್ ಒತ್ತಿದರು, ಮೋಟರ್ ಶುರುವಾಯಿತು. ಏನೂ ಕೇಳಿಸದು ಎಂದು ಕೈಸನ್ನೆ ಮಾಡಿ ಮುಗಿಸಿದೆ. ಮೋಟರ್ ತಿರುಗಿದ್ದು ಒಳ್ಳೆಯದೇ ಆಯಿತು.

ನಿನ್ನ ಜಾಗ ಉಳಿದಿದೆ. ಅವರಿಗೆ ಒಂದು ಸಾಲು ಬರಿ.

ಅಪ್ಪ


ಏಪ್ರಿಲ್ 9

ಅಪ್ಪ,

ನೀನು ಏನು ಮಾಡಿದ್ದೀಯ ಎಂದು ನಿನಗೆ ಗೊತ್ತಿಲ್ಲ. ಹೇಳುತ್ತೇನೆ.

ಫೆಬ್ರವರಿ ಕೊನೆಗೆ ನನ್ನ ತೋಳಿನ ಮೇಲೆ ಒಂದು ಕಲೆ ಎದ್ದಿತು. ನೇರಳೆ ಬಣ್ಣ. ಎರಡು ದಿನಕ್ಕೆ ತೊಡೆಯ ಮೇಲೆ ಇನ್ನೊಂದು. ಲ್ಯಾಬಿನ ಬೆಂಚಿಗೆ ತಗುಲಿರಬಹುದು, ತಗುಲಿದ ನೆನಪಿಲ್ಲ. ಹದಿನಾರರಲ್ಲೂ ಹೀಗೇ ಶುರುವಾದದ್ದು. ಆಗ ನೀನು ಸೈಕಲ್ಲಿನಿಂದ ಬಿದ್ದೆಯಾ ಎಂದು ಕೇಳಿದ್ದೆ, ನಾನು ಇಲ್ಲ ಎಂದಿದ್ದೆ.

ರಕ್ತ ಕೊಟ್ಟರೆ ಗೊತ್ತಾಗುತ್ತದೆ. ಅದಕ್ಕೇ ಕೊಡಲಿಲ್ಲ. ಮೊದಲು ಕೆಲಸಕ್ಕೆ ಹೋಗುತ್ತಿದ್ದೆ. ಆಮೇಲೆ ಮೇಣದ ಚಾಕು ಹಿಡಿದು ಕಲೆಯನ್ನೇ ಯೋಚಿಸುತ್ತಾ, ಒಂದು ಹೆಂಗಸಿನ ಹಲ್ಲುಗಳನ್ನೆಲ್ಲ ಸೊಟ್ಟಗೆ ಕೂರಿಸಿದೆ. ಯಜಮಾನರು ಬೈಯಲಿಲ್ಲ, ರಜೆ ತಗೋ ಎಂದರು. ತಗೊಂಡೆ. ಮಲಗಿದೆ. ಉದ್ದ ತೋಳಿನ ಅಂಗಿ ಹಾಕಿಕೊಂಡೇ ಸ್ನಾನಕ್ಕೆ ಹೋಗಿ, ಕತ್ತಲಲ್ಲಿ ಸ್ನಾನ ಮಾಡಿ, ಅದನ್ನೇ ಹಾಕಿಕೊಂಡು ಬರುತ್ತಿದ್ದೆ. ನಿನ್ನ ಕಾಗದಗಳು ತಲೆದಿಂಬಿನ ಪಕ್ಕ ಇದ್ದವು. ಹವಾಮಾನ ಓದಿದೆ.

ಆ ಯೋಜನೆಗೆ ಸೇರುವಾಗ ಒಂದು ನಿಯಮ ಹೇಳಿದ್ದರು. ಯಾರಾದರೂ ಹೇಳದೆ ಕೇಳದೆ ಎರಡು ಸಲ ತಪ್ಪಿಸಿಕೊಂಡರೆ ಕೌನ್ಸೆಲರ್ ತಾವೇ ಫೋನ್ ಮಾಡುತ್ತಾರೆ, ಬದುಕಿದ್ದಾಳೋ ಇಲ್ಲವೋ ನೋಡಲು. ಲಿಂಕು ಫೈಲಿನಲ್ಲಿರುವ ನಿನ್ನ ನಂಬರಿಗೇ ಹೋದರೂ, ಅದಕ್ಕೆಂದೇ ನನ್ನ ಸ್ವಂತ ನಂಬರನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಎದ್ದು ಹೋಗಿ ಅವರೆದುರು ಕುಳಿತು ಕಲೆಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಮೊದಲ ಸಲ ತಪ್ಪಿತು. ಎರಡನೇ ಸಲ ಬೇಕೆಂದೇ ತಪ್ಪಿಸಿದೆ. ಅವರು ಫೋನ್ ಮಾಡಲಿ ಎಂದು. ಕೇಳಿದರೆ ಹೇಳಿಬಿಡುತ್ತೇನೆ ಎಂದು. ಫೋನಿನ ಸದ್ದಿಗೆ ಹೆದರುವ ನಾನು, ಆ ಶನಿವಾರ, ಭಾನುವಾರ, ಸೋಮವಾರ, ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಅದು ಹೊಡೆದುಕೊಳ್ಳಲಿ ಎಂದು ಕಾದೆ.

ಹೊಡೆದುಕೊಳ್ಳಲಿಲ್ಲ. ಅವರಿಗೂ ಬೇಡವಾದೆ ಅಂದುಕೊಂಡೆ.

ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ನೀನು ನನ್ನ ಜಾಗದಲ್ಲಿ ಕುಳಿತು, ಚೆನ್ನಾಗಿದ್ದಾಳೆ ಎಂದಿದ್ದೀಯ.

ಇಲ್ಲಿಗೆ ಬರಬೇಡ. ಬಂದರೆ ನಾನು ಚೆನ್ನಾಗಿದ್ದೇನೆ ಎಂದು ನಿನ್ನೆದುರು ನಟಿಸಬೇಕಾಗುತ್ತದೆ. ಅದಕ್ಕೆ ನನ್ನಲ್ಲಿ ಈಗ ಶಕ್ತಿ ಇಲ್ಲ.

ಸಹಿ ಹಾಕಲು ಮನಸ್ಸಿಲ್ಲ.


ಏಪ್ರಿಲ್ 13

ಚೂಟಿಗೆ,

ನಿನ್ನ ಕಾಗದ ಓದಿದೆ. ಅತ್ತೆಗೂ ಓದಿ ಹೇಳಿದೆ. ಅವಳು ಟೀವಿ ಆರಿಸಿದಳು.

ನಮ್ಮ ಕೆಲಸದಲ್ಲಿ ಒಂದು ತಪ್ಪು ಇದೆ. ಲಿಫ್ಟಿನ ಪ್ರತಿ ಬಾಗಿಲಿಗೂ ಒಂದು ಸಣ್ಣ ಸ್ವಿಚ್ಚಿರುತ್ತದೆ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಲಿಫ್ಟು ಕದಲುವುದಿಲ್ಲ. ಆ ಸ್ವಿಚ್ಚು ಕೆಟ್ಟು ಲಿಫ್ಟು ಪದೇ ಪದೇ ನಿಂತರೆ ಕಟ್ಟಡದವರು ಬೈಯುತ್ತಾರೆ. ಆಗ ಕೆಲವರು ಸ್ವಿಚ್ಚಿನ ಎರಡು ತುದಿಗೂ ಸೇರಿಸಿ ಒಂದು ತುಂಡು ತಂತಿ ಕೊಟ್ಟುಬಿಡುತ್ತಾರೆ. ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದು ಲಿಫ್ಟಿಗೆ ಸುಳ್ಳು ಹೇಳಿದ ಹಾಗೆ. ಎಲ್ಲ ಸರಾಗ ನಡೆಯುತ್ತದೆ, ಒಬ್ಬರು ತೆರೆದ ಬಾಗಿಲಿನಿಂದ ಕಾಲಿಡುವವರೆಗೆ. ಹಾಗೆ ತಂತಿ ಹಾಕಿದ ಇಬ್ಬರನ್ನು ನಾನು ಕೆಲಸದಿಂದ ಬಿಡಿಸಿದ್ದೇನೆ. ನಿನ್ನ ವಿಷಯದಲ್ಲಿ ನಾನು ಮಾಡಿದ್ದು ಅದೇ. ಆ ಮೇಡಂ ಕೇಳಿದಾಗ ನಿನ್ನಿಂದ ಒಂದು ತಿಂಗಳಿನ ಮೇಲೆ ಕಾಗದ ಬಂದಿರಲಿಲ್ಲ. ಬಾಯಿಗೆ ಬಂದದ್ದು ಆ ಒಂದೇ ಮಾತು. ಏಳು ವರ್ಷದಿಂದ ಅದು ನನ್ನ ಬಾಯಲ್ಲೇ ಕೂತಿದೆ, ಯಾರು ಏನು ಕೇಳಿದರೂ ಅದೇ ಹೊರಗೆ ಬರುತ್ತದೆ.

ನಿನ್ನ ಕಾಗದ ಓದಿದ ಕೂಡಲೇ ಚೀಲಕ್ಕೆ ಬಟ್ಟೆ ತುಂಬಿದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಹೋಗಿ ಏನ್ ಮಾಡ್ತೀಯ? ಅವಳ ಮುಖ ನೋಡಿ ನೀನು ಅಳಲ್ಲ, ನಿನ್ನ ಮುಖ ನೋಡಿ ಅವಳು ಅಳಲ್ಲ. ಇಬ್ರೂ ಚೆನ್ನಾಗಿದ್ದೀವಿ ಅಂದ್ಕೊಂಡು ಕೂತಿರ್ತೀರ. ಆ ಹುಡುಗಿ ಕೇಳಿದ್ದು ನಿನ್ನನ್ನಲ್ಲ, ಆ ಕೌನ್ಸೆಲರಮ್ಮನ್ನ. ಮೊದ್ಲು ಅವ್ರಿಗೆ ಹೇಳು" ಅಂದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಇದೇ ಮೊದಲಲ್ಲ, ಆದರೆ ನಾನು ಸುಮ್ಮನಾದದ್ದು ಇದೇ ಮೊದಲು.

ಯೋಜನೆಯ ಕಚೇರಿಗೆ ಫೋನ್ ಮಾಡಿದೆ. ಯಾರೋ ಗುಮಾಸ್ತರು ಎತ್ತಿಕೊಂಡು, ಮೇಡಂ ಬೇರೆಯವರ ಜೊತೆ ಇದ್ದಾರೆ, ಮುಗಿದ ಮೇಲೆ ಮಾಡುತ್ತಾರೆ ಎಂದರು. ಫೋನ್ ಹಿಡಿದುಕೊಂಡೇ ಕಾದೆ. ಅವರು ಮಾಡಿದರು. "ನಾನು ಅವತ್ತು ಸುಳ್ಳು ಹೇಳಿದೆ ಮೇಡಂ. ನನ್ನ ಮಗಳು ಹೇಗಿದ್ದಾಳೋ ನನಗೆ ಗೊತ್ತಿಲ್ಲ" ಎಂದೆ. ಕಲೆಯ ವಿಷಯ ಹೇಳಲಿಲ್ಲ. ಅದು ನಿನ್ನದು, ನೀನೇ ಹೇಳಬೇಕು.

ಅವರು ಇವತ್ತು ಸಂಜೆಯೊಳಗೆ ನಿನಗೆ ಫೋನ್ ಮಾಡುತ್ತಾರಂತೆ. ಈ ಕಾಗದ ಬರುವ ಹೊತ್ತಿಗೆ ಮಾಡಿರುತ್ತಾರೆ. ಎತ್ತಿರುತ್ತೀಯ ಎಂದು ಬರೆಯಲು ಹೊರಟೆ. ಎತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಚೀಲ ಬಿಚ್ಚಿಲ್ಲ. ನೀನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಇಲ್ಲ.

ಅಪ್ಪ


ಮೇ 4

ಅಪ್ಪನಿಗೆ,

ಫೋನ್ ಬಂತು. ಎತ್ತಲು ಆಗಲಿಲ್ಲ. ಕಾದು ಕಾದು ಬಂದ ಫೋನು, ಹೊಡೆದುಕೊಂಡೇ ಇತ್ತು, ನಾನು ನೋಡುತ್ತಾ ಕೂತಿದ್ದೆ. ಜೊತೆಯವಳು ಮಗ್ಗುಲು ಬದಲಿಸಿ, "ಎತ್ತೇ. ಇಲ್ಲಾಂದ್ರೆ ನಾನೇ ಎತ್ತಿ, ಅವಳು ಸತ್ಹೋದ್ಳು ಅಂತ ಹೇಳಿ ನಿದ್ದೆ ಮಾಡ್ತೀನಿ" ಅಂದಳು. ನಗು ಬಂತು. ಎಷ್ಟೋ ದಿನದ ಮೇಲೆ ನನ್ನೆದುರು ಯಾರೋ ಆ ಪದ ಬಳಸಿದರು. ಎತ್ತಿದೆ.

ಏನು ಮಾತಾಡಿದೆವು ಎಂದು ಬರೆಯುವುದಿಲ್ಲ. ಕಲೆಯ ವಿಷಯ ಹೇಳಿದೆ. ಅವರು ಹೆದರಬೇಡಿ ಎನ್ನಲಿಲ್ಲ. "ಒಬ್ಬರೇ ಹೋಗ್ಬೇಡಿ, ಯಾರನ್ನ ಕರ್ಕೊಂಡು ಹೋಗ್ತೀರಿ?" ಎಂದು ಕೇಳಿದರು. ನಿನ್ನ ಹೆಸರು ಬಾಯಿಗೆ ಬಂತು, ಹೇಳಲಿಲ್ಲ. ಜೊತೆಯವಳನ್ನು ಕೇಳಿದೆ. ಅವಳಿಗೆ ನನ್ನ ಹಳೆಯ ಕಥೆ ಗೊತ್ತೇ ಇರಲಿಲ್ಲ. ಹೇಳಿದ ಮೇಲೆ, ಅದಕ್ಕೇನಾ ನೀನು ಶಾಂಪೂ ಅಷ್ಟು ಕಮ್ಮಿ ಹಾಕ್ಕೊಳ್ಳೋದು ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ. ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಳು.

ಇಲ್ಲೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಸೂಜಿ ಹಾಕುವಾಗ ನಾನು ನೋಡಲಿಲ್ಲ, ಅವಳು ನೋಡಿ ತಲೆಸುತ್ತಿ ಕೂತಳು. ನರ್ಸು ನನ್ನನ್ನು ಬಿಟ್ಟು ಅವಳಿಗೆ ನೀರು ಕೊಡಲು ಹೋದರು.

ರಿಪೋರ್ಟು ನನ್ನ ಕೈಗೆ ಬಂತು. ನನ್ನ ಜೀವನದಲ್ಲಿ ಮೊದಲ ಸಲ, ನಿನ್ನ ಮುಖ ನೋಡದೆ ರಿಪೋರ್ಟು ನೋಡಿದೆ. ಹೇಳುತ್ತೇನೆ, ಗಟ್ಟಿಯಾಗಿ ಕೂತು ಓದು. ಕೆಟ್ಟ ಕಣಗಳು ಕಂಡಿಲ್ಲ. ಆದರೆ ಪ್ಲೇಟ್‌ಲೆಟ್ ಇರಬೇಕಾದ್ದಕ್ಕಿಂತ ಕಡಿಮೆ ಇದೆ. ಯಾಕೆ ಎಂದು ಈಗಲೇ ಹೇಳಲಾಗದಂತೆ. ಏನೂ ಅಲ್ಲದಿರಬಹುದು, ಆಗಿರಲೂಬಹುದು. ಮುಂದಿನ ತಿಂಗಳು ಮತ್ತೆ ನೋಡಬೇಕು. ಆಗಲೂ ಕಡಿಮೆ ಇದ್ದರೆ ಮೂಳೆಯಿಂದ ಮಜ್ಜೆ ತೆಗೆದು ನೋಡಬೇಕು. ಅದು ಹೇಗಿರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು.

ಈ ಒಂದು ತಿಂಗಳು ನಾನು ಹೇಗಿರಬೇಕು ಎಂದು ಕೌನ್ಸೆಲರನ್ನು ಕೇಳಿದೆ. ಶನಿವಾರ ಬನ್ನಿ, ಅದನ್ನೇ ಮಾತಾಡೋಣ ಎಂದರು. ಹೋಗುತ್ತಿದ್ದೇನೆ. ಒಂದು ವಾರ ಬರೀ ಅಳುತ್ತಿದ್ದೆ. ಅಪ್ಪನ ಮೇಲೆ ಸಿಟ್ಟಿದೆಯಾ ಎಂದು ಕೇಳಿದರು, ಇದೆ ಎಂದೆ. ಮುಂದಿನ ವಾರವೂ ಇತ್ತು. ಈಗಲೂ ಇದೆ, ಆದರೆ ನಿನಗೆ ಬರೆಯುವಷ್ಟು ಜಾಗ ಬಿಟ್ಟಿದೆ. ಲ್ಯಾಬಿಗೆ ಅರ್ಧ ದಿನ ಹೋಗುತ್ತೇನೆ, ಅಚ್ಚು ಹೊಯ್ಯುವ ಕೆಲಸ ಮಾತ್ರ.

ನಂಬರು ಬದಲಿಸಲು ಅವರೇ ದಾರಿ ಮಾಡಿಕೊಟ್ಟರು, ಆಸ್ಪತ್ರೆಗೆ ಹೋಗಬೇಕಾಗಲಿಲ್ಲ. ಇನ್ನು ಲಿಂಕು ನಿನಗೆ ಬರುವುದಿಲ್ಲ.

ಒಂದು ಮಾತು ನಡೆಸಿಕೊಡು. ಯಾರಾದರೂ ಕೇಳಿದರೆ ಚೆನ್ನಾಗಿದ್ದಾಳೆ ಎನ್ನಬೇಡ. ಹಾಳಾಗಿದ್ದಾಳೆ ಎಂದೂ ಅನ್ನಬೇಡ. ನನಗೇ ಗೊತ್ತಿಲ್ಲದ್ದನ್ನು ನೀನು ಊರಿಗೆ ಹೇಳಬೇಡ.

ಚೀಲ ಬಿಚ್ಚು. ಕರೆಯುವಾಗ ಕರೆಯುತ್ತೇನೆ.

ಚೂಟಿ


ಮೇ 15

ಚೂಟಿಗೆ,

ಕೂತೇ ಓದಿದೆ. ಎರಡು ಸಲ ಓದಿದೆ. ಚೀಲ ಬಿಚ್ಚಿದೆ. ಅತ್ತೆ ಅದರಲ್ಲಿದ್ದ ಬಟ್ಟೆಗಳನ್ನೆಲ್ಲ ಮತ್ತೊಮ್ಮೆ ಒಗೆದಳು, ಕೊಳೆಯಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಫೋನ್ ನೋಡುತ್ತಾ ಕೂತಿದ್ದೆ. ಏನೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ಅತ್ತೆ, "ಅವಳೀಗ ಮಾತಾಡ್ತಿರ್ತಾಳೆ, ಸುಮ್ನಿರು" ಅಂದಳು. ನಾನೇನೂ ಮಾತಾಡಿರಲೇ ಇಲ್ಲ.

ಸೋಮವಾರ ದೊಡ್ಡ ರಸ್ತೆಯ ಕಟ್ಟಡದಿಂದ ಕರೆ ಬಂತು. ಕರೆಂಟು ಹೋಗಿ ಲಿಫ್ಟು ಮೂರನೇ, ನಾಲ್ಕನೇ ಮಹಡಿಯ ನಡುವೆ ನಿಂತಿತ್ತು. ಒಳಗೆ ನಾಲ್ಕನೇ ಮಹಡಿಯ ಟೀಚರಮ್ಮ, ನಿವೃತ್ತರು. ನಿನಗೆ ಪರಿಚಯವಿಲ್ಲ, ಆದರೆ ನೀನು ಆಸ್ಪತ್ರೆಯಲ್ಲಿದ್ದ ದಿನಗಳಿಂದ ನಿನ್ನನ್ನು ವಿಚಾರಿಸುವವರು. ನಾನು ಬಾಗಿಲ ಹೊರಗಿನಿಂದ ಕೂಗಿ, ಹೆದರಬೇಡಿ, ಮೇಲೆ ಹೋಗಿ ಕೈಯಲ್ಲಿ ಚಕ್ರ ತಿರುಗಿಸಿ ನಿಮ್ಮನ್ನು ಮಹಡಿಯ ಮಟ್ಟಕ್ಕೆ ತರುತ್ತೇನೆ ಎಂದೆ. ಅವರು ಒಳಗಿನಿಂದ, "ನಂಗೇನಪ್ಪಾ ಹೆದರಿಕೆ, ತರಕಾರಿ ಚೀಲದ ಮೇಲೆ ಕೂತಿದ್ದೀನಿ. ನಿನ್ನ ಮಗಳು ಹೇಗಿದ್ದಾಳೆ?" ಅಂದರು.

ಬಾಯಿಗೆ ಬಂತು. ನಾಲಗೆಯ ತುದಿಯವರೆಗೂ ಬಂತು. ತಡೆದೆ. ಅದನ್ನು ತಡೆದರೆ ಅದರ ಹಿಂದೆ ಬೇರೆ ಮಾತೇ ಇರಲಿಲ್ಲ, ಅಷ್ಟು ಹೊತ್ತು ನಿಂತೆ. ಇದ್ದೀಯಾ, ಹೋದ್ಯಾ ಎಂದು ಅವರು ಕೇಳಿದರು.

"ಗೊತ್ತಿಲ್ಲ ಟೀಚರ್. ಮುಂದಿನ ತಿಂಗಳು ಮತ್ತೆ ರಕ್ತ ನೋಡ್ತಾರಂತೆ. ನಂಗೆ ಭಯ ಆಗ್ತಿದೆ" ಎಂದೆ.

ಒಳಗೆ ತರಕಾರಿ ಚೀಲ ಸರಿಸಿದ ಸದ್ದಾಯಿತು. ಆಮೇಲೆ ಅವರು, "ಹಾಗಾದ್ರೆ ಸ್ವಲ್ಪ ಕೂತ್ಕೋ. ನಂಗೇನೂ ಅವಸರ ಇಲ್ಲ" ಅಂದರು.

ಮೆಟ್ಟಿಲ ಮೇಲೆ ಕೂತೆ. ಬಾಗಿಲ ಆಚೆ ಕತ್ತಲಲ್ಲಿ ಅವರು, ಈಚೆ ನಾನು. ಕಣ್ಣಲ್ಲಿ ನೀರು ಬಂತೋ ಇಲ್ಲವೋ ತಿಳಿಯದು, ಕೆನ್ನೆಗೆ ಗ್ರೀಸು ಹತ್ತಿತ್ತು. ಆಮೇಲೆ ಎದ್ದು ಮೇಲೆ ಹೋಗಿ ಚಕ್ರ ತಿರುಗಿಸಿದೆ.

ಅಪ್ಪ